ಎಲ್ಲಿ ಒತ್ತಿದರೂ ಪಾರಿಸ

ಪಾರಿಸನ ಭಾನಗಡಿಗೆಲ್ಲ, ಅವನು ಮಾಡಿಕೊಂಡ ಫಜೀತಿಗೆಲ್ಲ, ಮೂಲ ಒಂದೇ ಒಂದು ವಾಕ್ಯ. ಕೊಲ್ಲಾಪುರದಲ್ಲಿ ನಡೆದ ಕಂಪ್ಯೂಟರಿನ ಹೈಪರ್‌ಟೆಕ್ಸ್ಟ್ ತರಬೇತಿಯಲ್ಲಿ ಕಲಿಸುವವರು ಅದನ್ನು ಹೇಳಿದ್ದರು. ಓದುವವನು ಎಲ್ಲೇ ಅಲೆದಾಡುತ್ತಿರಲಿ, ಮುಖ್ಯ ವಿಷಯಕ್ಕೆ ಒಂದೇ ಒತ್ತಿಗೆ ಬಂದು ಮುಟ್ಟುವಂತಿರಬೇಕು ಎಂದು. ಬಂದವನಿಗೆ ಹೊರಗೆ ಹೋಗುವ ದಾರಿಯನ್ನೂ ತೋರಿಸಬೇಕು ಎಂದು ಅದರ ಬೆನ್ನಿಗೇ ಹೇಳಿದರಂತೆ. ಆ ಹೊತ್ತಿಗೆ ಪಾರಿಸ ಚಹಾ ಕುಡಿಯಲು ಹೋಗಿದ್ದ.

ಇದು ತೊಂಬತ್ತೆಂಟನೆಯ ಇಸವಿಯ ಮಾತು. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಎದುರಿಗೆ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಖೋಲಿಯಲ್ಲಿ ಪಾರಿಸ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ವಯಸ್ಸು ಮೂವತ್ತು ದಾಟಿತ್ತು. ಎಷ್ಟು ದಾಟಿತ್ತು ಎಂದು ಯಾರಾದರೂ ಕೇಳಿದರೆ ವಿಂಡೋಸಿನ ಮಾತು ತೆಗೆಯುತ್ತಿದ್ದ. ಲಗ್ನವಾಗಿರಲಿಲ್ಲ.

ಅವನನ್ನು ಹುಡುಕಿಕೊಂಡು ಬಂದವರು ತಾತ್ಯಾಸಾಹೇಬರು, ಜೈನ ಸಮಾಜದ ವಧು-ವರ ಮೇಳಾವದ ಅಧ್ಯಕ್ಷರು. ಪ್ರತಿ ವರ್ಷ ಚಿಕ್ಕೋಡಿಯ ಮಂಗಲ ಕಾರ್ಯಾಲಯದಲ್ಲಿ ಸುತ್ತಲಿನ ತಾಲೂಕುಗಳ ಹುಡುಗ-ಹುಡುಗಿಯರು ವೇದಿಕೆ ಹತ್ತಿ ಹೆಸರು, ಊರು, ಓದು ಹೇಳಿ ಇಳಿಯುತ್ತಿದ್ದರು. ಆಮೇಲೆ ಹಿರಿಯರು ಚೌಕಶಿ ಶುರು ಮಾಡುತ್ತಿದ್ದರು. ಹುಡುಗನ ತಾಯಿಯ ತವರು ಯಾವುದು, ಆ ಮನೆಯ ಸೊಸೆ ಯಾವ ಊರಿನವಳು, ಆ ಊರಲ್ಲಿ ನಮ್ಮ ಪೈಕಿ ಯಾರಿದ್ದಾರೆ ಎಂದು ಕೇಳುತ್ತ ಹೋದರೆ ಹೊತ್ತು ಮುಳುಗುತ್ತಿತ್ತು. ಅಷ್ಟರಲ್ಲಿ ಹುಡುಗ ಯಾರೆಂಬುದೇ ಮರೆತುಹೋಗಿರುತ್ತಿತ್ತು.

"ಈ ಚೌಕಶಿ ಎಲ್ಲಾ ಕಂಪ್ಯೂಟರ್‌ದಾಗ ಹಾಕಾಕ ಬರತೈತೇನ್ ಮಾಸ್ತರ?" ಎಂದು ತಾತ್ಯಾಸಾಹೇಬರು ಕೇಳಿದರು.

"ಬರತೈತ್ರಿ. ಒಬ್ಬೊಬ್ಬರಿಗೆ ಒಂದೊಂದ ಹಾಳಿ. ಹಾಳ್ಯಾಗ ಕೆಲವು ಹೆಸರಿಗೆ ನೀಲಿ ಗೆರಿ ಇರತೈತಿ. ಅದನ್ನ ಒತ್ತಿದ್ರ ಅವರ ಹಾಳಿ ತಗೀತೈತಿ. ಅಲ್ಲಿಂದ ಮತ್ತೊಂದು. ಫೋಟೋನೂ ಕಾಣತೈತಿ, ದನಿನೂ ಕೇಳಸತೈತಿ."

"ಅಂದ್ರ ಮೊದಲಿಂದ ಕಡೀತನಕ ಓದೂದಿಲ್ಲ?"

"ಇಲ್ರಿ. ಮನಸಿಗೆ ಬಂದ ಕಡೆ ಹೋಗೂದು. ನೀವು ಭಾಷಣ ಮಾಡ್ತೀರಲ್ಲ, ಹಂಗ್ರಿ."

ತಾತ್ಯಾಸಾಹೇಬರ ಭಾಷಣ ಕಬ್ಬಿನಿಂದ ಶುರುವಾದರೆ ನಡುವೆ ಯಾರದೋ ಹೆಸರು ಬರುತ್ತಿತ್ತು. ಆ ಹೆಸರಿನಿಂದ ಅವರ ಅಳಿಯನಿಗೆ, ಅಳಿಯನಿಂದ ಸಾಂಗಲಿಯ ಅರಿಷಿಣ ಪೇಟೆಗೆ ಮಾತು ಹೋಗಿ, ಕಬ್ಬು ಹೊಲದಲ್ಲೇ ಉಳಿದುಬಿಡುತ್ತಿತ್ತು. ಅವರು ಪಾರಿಸನ ಮಾತನ್ನು ಹೊಗಳಿಕೆ ಎಂದೇ ತಿಳಿದು, ಕೆಲಸವನ್ನು ಅವನಿಗೇ ಒಪ್ಪಿಸಿ ಹೋದರು.

ಪಾರಿಸ ಒಪ್ಪಿಕೊಂಡದ್ದಕ್ಕೆ ಸಮಾಜಸೇವೆ ಕಾರಣವಲ್ಲ. ಕಾರಣ ಚಂದ್ರಮತಿ. ಅಂಕಲಿಯ ರಾವಸಾಹೇಬರ ಮಗಳು, ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬೇಸಿಗೆ ರಜೆಯಲ್ಲಿ ಪಾರಿಸನ ಕ್ಲಾಸಿಗೆ ಬಂದಿದ್ದಳು. ಅವಳಿಗೆ ಎಲ್ಲದಕ್ಕೂ ಯಾಕೆ ಎಂದು ತಿಳಿಯಬೇಕು. ಕೀಬೋರ್ಡಿನಲ್ಲಿ ಎ ಪಕ್ಕದಲ್ಲಿ ಬಿ ಯಾಕಿಲ್ಲ ಸರ್, ಕಂಪ್ಯೂಟರ್ ಬಂದ್ ಮಾಡಲು ಸ್ಟಾರ್ಟ್ ಯಾಕೆ ಒತ್ತಬೇಕು ಸರ್ ಎಂದು ಕೇಳುತ್ತಿದ್ದಳು. ಪಾರಿಸನಿಗೆ ಒಂದಕ್ಕೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆದರೂ ಅವಳು ಕೇಳುತ್ತಲೇ ಇರಲಿ, ಜೀವನಪೂರ್ತಿ ಕೇಳಲಿ ಎಂದು ಅನ್ನಿಸಿತು. ಅನ್ನಿಸಿದ್ದನ್ನು ರಾವಸಾಹೇಬರ ಎದುರು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ.

ಈಗ ರಾವಸಾಹೇಬರು ಹಟ ಹಿಡಿದಿದ್ದರು. ಈ ಸಲದ ಮೇಳಾವದಲ್ಲಿ ಮಗಳ ಲಗ್ನ ಗೊತ್ತು ಮಾಡಿಯೇ ಮನೆಗೆ ಬರುವುದು ಎಂದು ಊರಿಗೆಲ್ಲ ಹೇಳಿದ್ದರು. ಅಂದರೆ ಪಾರಿಸನಿಗೆ ಇದ್ದದ್ದು ಅದೊಂದೇ ದಿನ.

ಅವನು ಹಾಳೆಗಳನ್ನು ಮಾಡುತ್ತ ಕುಳಿತಾಗ ಕೊಲ್ಲಾಪುರದ ವಾಕ್ಯ ನೆನಪಾಯಿತು. ಮುಖ್ಯ ವಿಷಯಕ್ಕೆ ಒಂದೇ ಒತ್ತು. ಈ ಮೇಳಾವದಲ್ಲಿ ಮುಖ್ಯ ವಿಷಯ ಯಾವುದು ಎಂದು ಬಹಳ ಯೋಚಿಸಿದ. ಎಷ್ಟು ಯೋಚಿಸಿದರೂ ಅದು ತಾನೇ ಎಂದು ಕಂಡಿತು. ಆದ್ದರಿಂದ ಹಾಳೆಗಳ ಕೆಳಗೆಲ್ಲ ಬೆರಳು ಚಾಚಿದ ಒಂದು ಕೈ ಚಿತ್ರ ಹಾಕಿ, "ಇದನ್ನೂ ನೋಡಿರಿ" ಎಂದು ಬರೆದ. ಕೈ ಒತ್ತಿದರೆ ಪಾರಿಸನ ಹಾಳೆ. ಪಾರಿಸನ ಹಾಳೆಯಿಂದ ಹೊರಗೆ ಹೋಗಲು ಒಂದೇ ಬಾಗಿಲು, ಅದು ಚಂದ್ರಮತಿಯ ಹಾಳೆಗೆ. ಉಳಿದವರ ದನಿ ಕೇಳಬೇಕಾದರೆ ತುತ್ತೂರಿಯ ಚಿತ್ರ ಒತ್ತಬೇಕು. ಇವರಿಬ್ಬರ ದನಿ ಹಾಳೆ ತೆಗೆದ ಕೂಡಲೇ ತಾನಾಗಿ ಬರುತ್ತಿತ್ತು. ಹಿಂದಕ್ಕೆ ಹೋಗುವ ಗುಂಡಿಯೊಂದು ಪರದೆಯ ಮೇಲ್ತುದಿಯಲ್ಲಿ ಇತ್ತು. ಚಂದ ಕಾಣುವುದಿಲ್ಲವೆಂದು ಪಾರಿಸ ಅದನ್ನು ಮುಚ್ಚಿಬಿಟ್ಟ.

ಮೇಳಾವದ ದಿನ ಕಂಪ್ಯೂಟರನ್ನು ಗಾದಿಯಲ್ಲಿ ಸುತ್ತಿ, ಬಾಣಂತಿಯನ್ನು ಕರೆತರುವ ಹಾಗೆ ಟೆಂಪೋದಲ್ಲಿ ತಂದು ಕಾರ್ಯಾಲಯದ ಬಾಗಿಲ ಹತ್ತಿರ ಇಟ್ಟರು. ತಾತ್ಯಾಸಾಹೇಬರಿಗೆ ಉತ್ಸಾಹ ತಡೆಯಲಾಗಲಿಲ್ಲ.

"ದನಿ ಎಲ್ಲಾರಿಗೂ ಕೇಳಸಬೇಕಲ್ಲ ಮಾಸ್ತರ. ಇದರ ವಾಯರ್ ಮಂಟಪದ ಸ್ಪೀಕರ್‌ಗೆ ಕೂಡಸ್ರಿ."

"ಬ್ಯಾಡ್ರಿ ಅಧ್ಯಕ್ಷರ..." ಎಂದ ಪಾರಿಸ. ಅಷ್ಟರಲ್ಲಿ ಸ್ಪೀಕರಿನವನು ಕೂಡಿಸಿ ಆಗಿತ್ತು.

ಮೊದಲು ಬಂದವರು ಪಾಲಬಾವಿಯ ತವನಪ್ಪ. ಕಬ್ಬಿನ ರೈತ, ಡಿಗ್ರಿ ಮಾಡಿದ ಮಗನಿಗೆ ಓದಿದ ಹುಡುಗಿ ಹುಡುಕುತ್ತಿದ್ದರು. ಅಂಕಲಿಯ ಟೀಚರ್ ಹುಡುಗಿಯ ಮೇಲೆ ಅವರ ಕಣ್ಣಿತ್ತು. ಪಾರಿಸ ಅವರ ಕೈಗೆ ಮೌಸ್ ಕೊಟ್ಟ. ಮೇವು ಕತ್ತರಿಸುವ ಕೈ, ಮೌಸಿನೊಳಗೆ ಏನೋ ಕಟ್ ಎಂದಿತು.

"ಸಾವಕಾಶ ಒತ್ರಿ ಕಾಕಾ."

ತವನಪ್ಪ ರಾಯಬಾಗದ ಒಬ್ಬ ಹುಡುಗಿಯ ಹಾಳೆ ತೆಗೆದರು. ಎರಡು ಸಾಲು ಓದುವಷ್ಟರಲ್ಲಿ ಕೆಳಗಿನ ಕೈ ಕಣ್ಣಿಗೆ ಬಿತ್ತು.

"ಇದೇನ್ ತೋರಸಾಕತ್ತೈತಿ?" ಎಂದು ಒತ್ತಿದರು.

ಪರದೆಯ ತುಂಬ ಪಾರಿಸ. ಮಂಟಪದ ನಾಲ್ಕೂ ಮೂಲೆಯಿಂದ ದನಿ ಮೊಳಗಿತು: "ನಮಸ್ಕಾರ. ನಾನು ಪಾರಿಸ. ಶಾಂತ ಸ್ವಭಾವ. ಸ್ವಂತ ಉದ್ಯೋಗ."

ವೇದಿಕೆಯ ಮೇಲೆ ಆಗಷ್ಟೇ ಬಾಯಿ ತೆಗೆದಿದ್ದ ನಿಪ್ಪಾಣಿಯ ಹುಡುಗ ಹೆದರಿ ಬಾಯಿ ಮುಚ್ಚಿಕೊಂಡ.

"ಅಲ್ರಿ, ನಿಮ್ಮ ಫೋಟೋ ಬಂತಲ್ರಿ ಮಾಸ್ತರ!" ಎಂದರು ತವನಪ್ಪ.

"ಹೌದೇನ್ರಿ? ಬರತೈತಿ ಒಮ್ಮೊಮ್ಮೆ," ಎಂದ ಪಾರಿಸ, ಮುಖ ಆ ಕಡೆ ಮಾಡಿ.

ತವನಪ್ಪ ಮತ್ತೆ ಒತ್ತಿದರು. ಚಂದ್ರಮತಿಯ ಹಾಳೆ ತೆಗೆಯಿತು. "ನಾನು ಚಂದ್ರಮತಿ. ನನಗೆ ಹೊಸ ವಿಷಯ ತಿಳ್ಕೊಳ್ಳೋದು ಸೇರತೈತಿ." ಅವರು ಖುಷಿಯಾಗಿ ಓದಲು ಶುರು ಮಾಡಿದರು. ಆದರೆ ಅಲ್ಲಿಯೂ ಕೆಳಗೆ ಒಂದು ಕೈ. ಒಮ್ಮೆ ನೋಡಿದ ಮೇಲೂ ಬೆರಳು ಚಾಚಿದ ಕೈಯನ್ನು ಒತ್ತದೆ ಬಿಡಲು ಯಾರಿಗೆ ಆಗುತ್ತದೆ? ಒತ್ತಿದರು. "ನಮಸ್ಕಾರ. ನಾನು ಪಾರಿಸ. ಶಾಂತ ಸ್ವಭಾವ." ಹೊರಗೆ ಹೋಗಬೇಕೆಂದು ಮತ್ತೆ ಒತ್ತಿದರು. "ನಾನು ಚಂದ್ರಮತಿ." ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ ತವನಪ್ಪ ಆ ಎರಡು ಹಾಳೆಗಳ ನಡುವೆ ಸುತ್ತತೊಡಗಿದರು.

ಅಷ್ಟರಲ್ಲಿ ಮಂದಿ ಮುತ್ತಿದರು. ಕುರ್ಚಿಯಲ್ಲಿ ಒಬ್ಬರು, ಹೇಳಿಕೊಡುವವರು ಹನ್ನೊಂದು ಮಂದಿ. "ಆ ಕೈ ಒತ್ರಿ, ಕೈ!" "ಅದನ್ನ ಆಗಳೇ ಒತ್ತೇವಿ." "ಇನ್ನೊಮ್ಮೆ ಒತ್ರಿ, ಬ್ಯಾರೆ ಯಾರರೆ ಬರ್ತಾರೇನು ನೋಡೂಣು." ಯಾರೂ ಬರಲಿಲ್ಲ. ಪಾರಿಸ ಬಂದ. ಚಂದ್ರಮತಿ ಬಂದಳು. ಮತ್ತೆ ಪಾರಿಸ ಬಂದ.

ಪಾರಿಸನ ಸೋದರತ್ತೆ ಸಾವಕ್ಕ ಗುಂಪು ಸೀಳಿಕೊಂಡು ಮುಂದೆ ಬಂದಳು. ಚಿಕ್ಕೋಡಿಯಲ್ಲಿ ಅವಳಿಗೆ ಗೊತ್ತಿಲ್ಲದ ಮನೆಯಿಲ್ಲ, ಅವಳು ಮೂಗು ತೂರಿಸದ ಲಗ್ನವಿಲ್ಲ. ಸೋದರಳಿಯನ ಫೋಟೋ, ಆಮೇಲೆ ಹುಡುಗಿಯ ಫೋಟೋ, ಮತ್ತೆ ಸೋದರಳಿಯನ ಫೋಟೋ ನೋಡಿ ಅವಳ ಕಣ್ಣು ಅರಳಿತು.

"ಜ್ವಾಡಿ ಚಲೋ ಕಾಣತೈತಿ ಬಿಡ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

"ಲಗ್ನ ಗೊತ್ತಾಗೇತೇನ್ ಸಾವಕ್ಕಾ?" ಎಂದು ಯಾರೋ ಕೇಳಿದರು.

ಸಾವಕ್ಕನಿಗೆ ಏನೂ ಗೊತ್ತಿರಲಿಲ್ಲ. ಆದರೆ ತನಗೆ ಗೊತ್ತಿಲ್ಲ ಎಂದು ಅವಳು ಈವರೆಗೆ ಯಾರಿಗೂ ಹೇಳಿದವಳಲ್ಲ. ಸೆರಗು ಸರಿ ಮಾಡಿಕೊಂಡು ಸುಮ್ಮನೆ ನಕ್ಕಳು. ಅಷ್ಟು ಸಾಕಾಯಿತು.

ನಮ್ಮ ಕಡೆ ಒಂದು ರೀತಿ ಇದೆ. ಮಾತಾದ ಹುಡುಗಿಯನ್ನು ಮತ್ತೊಬ್ಬರು ಕೇಳಬಾರದು. ಕೇಳಿದರೆ ಮರ್ಯಾದೆಯಲ್ಲ. ಮಂಟಪದಲ್ಲಿ ಬೆಳಗಿನಿಂದ ಇಬ್ಬರದೇ ಹೆಸರು ಜೋಡಿಯಾಗಿ ಕೇಳಿಸುತ್ತಿದ್ದರೆ ಜನ ಬೇರೇನು ತಿಳಿಯಬೇಕು? ತವನಪ್ಪ ಎದ್ದು ಬಂದು ಹೆಂಡತಿಗೆ, "ಅಂಕಲಿ ಹುಡುಗಿದು ಆಗೇತಂತ, ನಡಿ," ಎಂದರು. ಅಥಣಿಯ ಎರಡು ಮನೆಯವರು, ನಿಪ್ಪಾಣಿಯ ತಂಬಾಕಿನ ವ್ಯಾಪಾರಿ ಒಬ್ಬರು, ಎಲ್ಲರೂ ಅವಳ ಹೆಸರು ಬಿಟ್ಟರು.

ಪಾರಿಸ ಗುಂಪಿನೊಳಗೆ ನುಗ್ಗಿದ. ಕೈ ತೆಗೆದುಹಾಕೋಣವೆಂದು ಹೋದರೆ ಕುರ್ಚಿಯವರು ಏಳಲೊಲ್ಲರು. "ನಿಂದ್ರರಿ ಮಾಸ್ತರ, ನಂದ ಪಾಳಿ ಈಗ ಬಂದೈತಿ!" ಕೊನೆಗೆ ಅವನು ಗೋಡೆಯ ಬಟನ್ನೇ ಆರಿಸಿಬಿಟ್ಟ.

ವೇದಿಕೆಯಿಂದ ತಾತ್ಯಾಸಾಹೇಬರು ಮೈಕಿನಲ್ಲಿ ಗುಡುಗಿದರು: "ಬಟನ್ ತಗದಾವರು ಯಾರ್ರಿ? ಲಗೂನ ಹಾಕ್ರಿ. ಮಂದಿ ನೋಡಾಕತ್ತಾರ."

ಯಾರೋ ಹಾಕಿದರು. ಕಂಪ್ಯೂಟರ್ ತನ್ನ ಸಾವಕಾಶದಲ್ಲಿ ಎದ್ದಿತು. ಪಾರಿಸ ಕುರ್ಚಿ ಮುಟ್ಟುವುದರೊಳಗೆ ಮುದುಕಿಯೊಬ್ಬಳು ಕುಳಿತು, ಮೊದಲು ಕಂಡ ಹಾಳೆಯ ಕೈಯನ್ನೇ ಒತ್ತಿದಳು.

"ನಮಸ್ಕಾರ. ನಾನು ಪಾರಿಸ. ಶಾಂತ ಸ್ವಭಾವ."

ಊಟದ ಹೊತ್ತಿಗೆ ವಿಷಯ ರಾವಸಾಹೇಬರ ಕಿವಿಗೆ ಬಿತ್ತು. ಬಿದ್ದ ಬಗೆಯೂ ಚಲೋ ಇರಲಿಲ್ಲ. ಪಂಕ್ತಿಯಲ್ಲಿ ಪಕ್ಕ ಕುಳಿತವರು, "ಅಭಿನಂದನ್ ರಾವಸಾಹೇಬ. ನಮಗ ಒಂದ ಮಾತ ಹೇಳಲಿಲ್ಲ ನೋಡ್ರಿ," ಎಂದು ಮುನಿಸಿಕೊಂಡರು. ರಾವಸಾಹೇಬರು ಶಿರಾ ತಿನ್ನುವುದನ್ನು ಅರ್ಧಕ್ಕೆ ಬಿಟ್ಟು ಎದ್ದರು.

ಸಾಮಾನು ಇಡುವ ಖೋಲಿಯಲ್ಲಿ ಪಂಚಾಯಿತಿ ಸೇರಿತು. ತಾತ್ಯಾಸಾಹೇಬರು, ರಾವಸಾಹೇಬರು, ಸಾವಕ್ಕ, ಮತ್ತು ಅಕ್ಕಿಚೀಲಕ್ಕೆ ಆತು ನಿಂತ ಪಾರಿಸ.

"ನನಗ ಗೊತ್ತಿಲ್ಲದ ನನ್ನ ಮಗಳ ಲಗ್ನ ಮಾಡಿದಾವರು ಯಾರ್ರಿ?" ಎಂದರು ರಾವಸಾಹೇಬರು. "ಬಂದ ಪಾವಣ್ಯಾರು, ಗಂಡಿನ ಕಡ್ಯಾವರು, ಎಲ್ಲಾ ಕೈ ತೊಳಕೊಂಡ ಹೋದ್ರು. ಇನ್ನ ನಾ ಯಾರನ್ನ ಕೇಳ್ಲಿ?"

"ಮಷೀನ್ ಕೆಟ್ಟಿರಬೇಕ," ಎಂದರು ತಾತ್ಯಾಸಾಹೇಬರು.

ಪಾರಿಸನಿಗೆ ಅದು ತಪ್ಪಿಸಿಕೊಳ್ಳಲು ಒಳ್ಳೆಯ ದಾರಿಯಾಗಿತ್ತು. ಆದರೆ ಒಬ್ಬ ಕಂಪ್ಯೂಟರ್ ಮಾಸ್ತರನ ಎದುರು ಅವನ ಮಷೀನನ್ನು ದೂರಿದರೆ ಅವನಿಗೆ ಸಹಿಸಲಾಗುವುದಿಲ್ಲ.

"ಮಷೀನ್ ಬರೋಬ್ಬರಿ ಐತ್ರಿ. ನಾನ ಹಂಗ ಮಾಡೇನ್ರಿ," ಎಂದುಬಿಟ್ಟ.

"ಯಾಕ?"

ಪಾರಿಸ ಅಕ್ಕಿಚೀಲದ ಹೊಲಿಗೆ ಎಳೆಯುತ್ತ ನಿಂತ. ಆಮೇಲೆ ಎಲ್ಲವನ್ನೂ ಹೇಳಿದ. ರಜೆಯ ಕ್ಲಾಸು, ಚಂದ್ರಮತಿಯ ಪ್ರಶ್ನೆಗಳು, ಅಂಕಲಿಗೆ ಹೋಗುವ ಬಸ್ಸು ಹತ್ತಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟದ್ದು, ಕೊಲ್ಲಾಪುರದ ವಾಕ್ಯ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂತು. ನಿಜವಾಗಿ ತುಂಬಿ ಬಂತು, ಅದರಲ್ಲಿ ನಾಟಕವಿರಲಿಲ್ಲ.

ಸಾವಕ್ಕ ಸಮಯ ಬಿಡುವವಳಲ್ಲ.

"ಆದದ್ದ ಆತು ರಾವಸಾಹೇಬಣ್ಣಾ. ಹುಡುಗ ಏನ್ ಕಳ್ಳ ಅಲ್ಲ, ಕುಡಕ ಅಲ್ಲ. ಕೇಳಾಕ ಅಂಜಿಕಿ ಅಷ್ಟ. ಹೆಂಗೂ ಊರ ಮಂದಿ ಗಂಟ ಹಾಕಿ ಮುಗಿಸ್ಯಾರ."

ರಾವಸಾಹೇಬರು ಪಾರಿಸನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಸಿಟ್ಟು ಇಳಿದಿತ್ತು. ಹಟವೂ ನೆನಪಿಗೆ ಬಂದಿರಬೇಕು. ಗೊತ್ತು ಮಾಡದೆ ಮನೆಗೆ ಹೋಗುವ ಹಾಗಿರಲಿಲ್ಲ.

"ಆತು," ಎಂದರು. "ನಂದೇನ್ ತಕರಾರಿಲ್ಲ. ಹುಡುಗಿ ಹೂಂ ಅಂದ್ರ ಮುಗೀತು."

ಪಾರಿಸ ಬಗ್ಗಿ ಅವರ ಕಾಲು ಮುಟ್ಟಿದ. ಅಲ್ಲಿಗೇ ನಿಲ್ಲದೆ ತಾತ್ಯಾಸಾಹೇಬರ ಕಾಲನ್ನೂ ಮುಟ್ಟಿದ. ಅಕ್ಕಿಚೀಲ ಒಂದೇ ಉಳಿಯಿತು.

"ಹುಡುಗಿ ಎಲ್ಲೈತಿ?" ಎಂದಳು ಸಾವಕ್ಕ.

ಹುಡುಗಿ ಕಂಪ್ಯೂಟರ್ ಮುಂದೆ ಇದ್ದಳು. ಮಂದಿಯೆಲ್ಲ ಊಟಕ್ಕೆ ಹೋದಾಗ ಕುರ್ಚಿ ಖಾಲಿಯಾಗಿತ್ತು. ಬೆಳಗಿನಿಂದ ತನ್ನ ಹೆಸರು ಕೂಗುತ್ತಿದ್ದ ಮಷೀನಿನೊಳಗೆ ಏನಿದೆ ಎಂದು ನೋಡಲು ಅವಳು ಕುಳಿತಿದ್ದಳು. ಸ್ಪೀಕರಿನ ವಾಯರನ್ನು ಮೊದಲೇ ಕಿತ್ತಿದ್ದಳು. ಗುಂಡಿ ಮುಚ್ಚಿದ್ದರೂ ಕೀಬೋರ್ಡಿನಿಂದ ಹಿಂದಕ್ಕೆ ಹೋಗುವುದು ಅವಳಿಗೆ ಗೊತ್ತಿತ್ತು. ಕಲಿಸಿದವನು ಪಾರಿಸನೇ.

ನಾಲ್ವರೂ ಬಂದು ಹಿಂದೆ ನಿಂತರು. ಪಾರಿಸ ತನ್ನ ಹೊಸ ಕೋಟಿನ ಗುಂಡಿ ಸರಿ ಮಾಡಿಕೊಂಡ.

"ಸರ್, ಚಲೋ ಆತು ಬಂದ್ರಿ," ಎಂದಳು ಚಂದ್ರಮತಿ ತಿರುಗಿ. "ಒಂದ ಕೇಳಬೇಕಾಗಿತ್ತು. ಇದೊಂದ ಹಾಳ್ಯಾಗ ಕೈ ಯಾಕ ಇಲ್ರಿ?"

ಪಾರಿಸ ಬಗ್ಗಿ ನೋಡಿದ. ಕಾಗವಾಡದ ಶ್ರೀಪಾಲನ ಹಾಳೆ. ಆ ಹುಡುಗ ಫೋಟೋ ಕೊಟ್ಟಿರಲಿಲ್ಲ. ಫೋಟೋ ಇಲ್ಲದ ಹುಡುಗನ ಹಾಳೆಯನ್ನು ಯಾರು ತೆಗೆಯುತ್ತಾರೆ ಎಂದು ಪಾರಿಸ ಅದಕ್ಕೆ ಕೈ ಹಾಕುವ ಗೋಜಿಗೆ ಹೋಗಿರಲಿಲ್ಲ. ಬರೆದುಕೊಟ್ಟದ್ದನ್ನು ಇದ್ದ ಹಾಗೆ ತುಂಬಿ, ತುಂಬಿಸಿಕೊಂಡ ದನಿಯನ್ನು ತಿರುಗಿ ಕೇಳದೆಯೇ ಸೇರಿಸಿ ಮುಗಿಸಿದ್ದ.

"ಮರತಿರಬೇಕ," ಎಂದ.

"ಮರತದ್ದ ಚಲೋ ಆತ್ರಿ. ಉಳಿದ ಯಾವ ಹಾಳಿ ತಗದ್ರೂ ಓದಿ ಮುಗಸೂದ್ರಾಗ ಕೆಳಗ ಕೈ ಕಾಣತೈತಿ. ಏನೈತಿ ಅಂತ ಒತ್ತಬೇಕ ಅನಸತೈತಿ. ಒತ್ತಿದ್ರ ನೀವು. ಒಬ್ಬರದೂ ಪೂರಾ ಓದಾಕ ಆಗಲಿಲ್ಲ ನೋಡ್ರಿ. ಇದೊಂದನ್ನ ಸಮಾಧಾನದಿಂದ ಓದಿದೆ. ಫೋಟೋ ಯಾಕ ಇಲ್ಲ ಅಂತ ತಗದಿದ್ದೆ. ಅಪ್ಪಾಜಿ, ನೀವು ಇದನ್ನ ಕೇಳ್ರಿ."

ಅವಳು ತುತ್ತೂರಿ ಒತ್ತಿದಳು. ಕಂಪ್ಯೂಟರಿನ ಡಬ್ಬಿಯೊಳಗಿನಿಂದ ಒಬ್ಬ ಹುಡುಗನ ದನಿ ಬಂತು.

"ನಾ ಶ್ರೀಪಾಲ್ರಿ. ಕಾಗವಾಡ. ದ್ರಾಕ್ಷಿ ತ್ವಾಟ ಐತಿ. ದ್ರಾಕ್ಷಿ ಬಳ್ಳಿದು ಒಂದ ಕುಡಿ ಎಡಕ್ಕ ಸುತ್ತತೈತಿ, ಇನ್ನೊಂದ ಬಲಕ್ಕ ಸುತ್ತತೈತಿ. ಯಾಕ ಹಂಗ ಅಂತ ಭಾಳ ಮಂದೀನ ಕೇಳೇನ್ರಿ. ಯಾರಿಗೂ ಗೊತ್ತಿಲ್ಲ. ಗೊತ್ತಿದ್ದಾವರು ಇದ್ರ ಹೇಳ್ರಿ." ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅದೇ ದನಿ, ಮೆತ್ತಗೆ: "ಆತೇನ್ರಿ ಮಾಸ್ತರ? ಇನ್ನೂ ನಡದೈತಿ? ಅಯ್ಯಯ್ಯ, ಇದೂ ಹೋತೇನ್ರಿ ಒಳಗ?" ಎಂದು ಒಂದು ದೊಡ್ಡ ನಗು.

ಚಂದ್ರಮತಿಯೂ ನಕ್ಕಳು. ಬಹಳ ಹೊತ್ತಿನಿಂದ ಇದನ್ನೇ ಮತ್ತೆ ಮತ್ತೆ ಕೇಳಿ ನಗುತ್ತ ಕುಳಿತಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. ರಾವಸಾಹೇಬರು ಮಗಳ ಮುಖ ನೋಡಿದರು. ಕೇಳಬೇಕೆಂದು ಬಂದ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ.

"ಇವರ ಮನ್ಯಾವರು ಬಂದಾರೇನ್ ನೋಡ್ರಿ ಅಪ್ಪಾಜಿ," ಎಂದಳು ಅವಳೇ.

ಬಂದಿದ್ದರು. ಬಡಿಸುವವರು ಕಡಿಮೆಯಾದರೆಂದು ಶ್ರೀಪಾಲ ಬೆಳಗಿನಿಂದ ಹಿತ್ತಲಿನ ಅಡುಗೆ ಚಪ್ಪರದಲ್ಲಿದ್ದ. ಅವನ ತಂದೆಯೂ ಅಲ್ಲೇ ಒಲೆಯ ಮುಂದೆ. ಪಾತ್ರೆಗಳ ಸಪ್ಪಳದಲ್ಲಿ ಅವರಿಗೆ ಸ್ಪೀಕರ್ ಕೇಳಿಸಿರಲಿಲ್ಲ. ಐದು ತಾಲೂಕುಗಳಲ್ಲಿ ಚಂದ್ರಮತಿಯ ಲಗ್ನ ಗೊತ್ತಾಗಿದೆ ಎಂದು ಗೊತ್ತಿಲ್ಲದ ಮನೆ ಅದೊಂದೇ ಉಳಿದಿತ್ತು. ರಾವಸಾಹೇಬರು ಅಲ್ಲಿಗೇ ಹೋಗಿ, ಮಸಾಲಾ ಭಾತಿನ ಬುಟ್ಟಿ ಹಿಡಿದ ಹುಡುಗನನ್ನು ನೋಡಿ, ಹೊತ್ತು ಮುಳುಗುವ ಮೊದಲೇ ಮಾತು ಮುಗಿಸಿ ಬಂದರು.

ತಾತ್ಯಾಸಾಹೇಬರು ಮೈಕ್ ಹಿಡಿದರು. ಕಂಪ್ಯೂಟರಿನ ಮಹಿಮೆಯಿಂದ ಒಂದು ಲಗ್ನ ಕೂಡಿತು, ಇದಕ್ಕೆಲ್ಲ ಕಾರಣ ನಮ್ಮ ಪಾರಿಸ ಮಾಸ್ತರ ಎಂದರು. ಅಲ್ಲಿಂದ ಮಾತು ದ್ರಾಕ್ಷಿಗೆ ಹೋಯಿತು. ಚಪ್ಪಾಳೆಯ ನಡುವೆ ಹೆಂಗಸರ ಸಾಲಿನಲ್ಲಿ, "ಅಂಕಲಿ ಹುಡುಗಿ ಬ್ಯಾಡ ಅಂದದ್ದು ಇಂವಗಽ ಅಲ್ಲೇನ?" ಎಂದು ಒಬ್ಬರು ಇನ್ನೊಬ್ಬರಿಗೆ ತೋರಿಸಿಕೊಟ್ಟರು. ಬೆಳಗಿನವರೆಗೆ ಚಿಕ್ಕೋಡಿಯ ಹೊರಗೆ ಪಾರಿಸನ ಪರಿಚಯ ಯಾರಿಗೂ ಇರಲಿಲ್ಲ. ಈಗ ನಿಪ್ಪಾಣಿಯಿಂದ ಅಥಣಿಯವರೆಗೆ ಇತ್ತು.

ಪಾರಿಸ ಮಷೀನನ್ನು ಗಾದಿಯಲ್ಲಿ ಸುತ್ತುತ್ತಿದ್ದಾಗ ರಾವಸಾಹೇಬರು ಬಂದು ಹೆಗಲ ಮೇಲೆ ಕೈ ಇಟ್ಟರು.

"ಮನಸಿಗೆ ಹಚ್ಚಗೋಬ್ಯಾಡ್ರಿ ಮಾಸ್ತರ. ನಿಮ್ಮ ಮಷೀನ್ ಭಾಳ ಚಲೋ ಐತಿ. ಮುಂದಿನ ರವಿವಾರ ನಮ್ಮ ಮನ್ಯಾಗ ನಿಶ್ಚಿತಾರ್ಥದ ಸಾಖರಪುಡಾ ಐತಿ. ಇದನ್ನ ತಗೊಂಡ ಬರ್ರಿ. ಪಾವಣ್ಯಾರು ಎಲ್ಲಿ ಒತ್ತಿದ್ರೂ ಅಳಿಯಾನ ಬರಬೇಕು ನೋಡ್ರಿ."

"ಅವರದು ಫೋಟೋ ಇಲ್ಲಲ್ರಿ," ಎಂದ ಪಾರಿಸ. ಅವನ ದನಿಯಲ್ಲಿ ಸಣ್ಣ ಆಸೆ ಇನ್ನೂ ಇತ್ತು.

"ಅದಕ್ಕ ಬಂದೆ. ಹೊರಗ ಫೋಟೋಗ್ರಾಫರ್ ನಿಂತಾನ. ಹುಡುಗನ ಅಂಗೀಗೆ ಭಾತ ಹತ್ತೇತಿ. ಅವಂದೂ ನಿಮ್ಮ ಅಳತೀನ ಕಾಣತೈತಿ ನೋಡ್ರಿ. ಒಂದೀಟ ಆ ಕೋಟ ಕಳದ ಕೊಡ್ರಿ."

ಈ ದಿನಕ್ಕೆಂದೇ ನಿಪ್ಪಾಣಿಯಲ್ಲಿ ಹೊಲಿಸಿದ ಕೋಟು. ಪಾರಿಸ ಗುಂಡಿ ಬಿಚ್ಚಿದ. ಶ್ರೀಪಾಲ ನಾಚುತ್ತ ತೊಟ್ಟು, "ಈ ಕೋಟಿಗೆ ತೋಳ ಮ್ಯಾಲೆ ಗುಂಡಿ ಯಾಕ ಇರ್ತಾವ್ರಿ?" ಎಂದು ಕೇಳಿದ. "ನಾನೂ ಅದನ್ನ ಕೇಳಬೇಕಂತಿದ್ದೆ," ಎಂದಳು ಚಂದ್ರಮತಿ.

ಸಾವಕ್ಕ ಇಬ್ಬರನ್ನೂ ಸರಿಯಾಗಿ ನಿಲ್ಲಿಸಿ, ದೂರ ಸರಿದು, ಕೊರಳು ವಾರೆ ಮಾಡಿ ನೋಡಿದಳು.

"ಪಾರಿಸಾ, ಖರೇ ಹೇಳ್ತೀನಿ," ಎಂದಳು. "ಕೋಟ ಇಂವಗ ಛಂದ ಒಪ್ಪತೈತಿ."